ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರಿಗೆ ವಾಂತಿ ಸಹಜವೇ?

ಬೊಜ್ಜು ಇಳಿಸಲು ಜಠರಕ್ಕೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ವಾಂತಿಯಾದರೆ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ.’ ಇನ್ನೊಂದು, ‘ಅದು ಬರೀ ಗ್ಯಾಸ್, ಒಂದು ಮಾತ್ರೆ ನುಂಗಿದರೆ ಹೋಗುತ್ತದೆ.’ ಎರಡೂ ತಪ್ಪು. ಪದೇಪದೇ ಬರುವ ವಾಂತಿ ಬ್ಯಾಂಡ್ ಅತಿಯಾಗಿ ಬಿಗಿಯಾಗಿದೆ ಅಥವಾ ಜಾಗ ಬಿಟ್ಟು ಜರುಗಿದೆ ಎಂಬುದರ ಸೂಚನೆಯಾಗಿರಬಹುದು.

ಬ್ಯಾಂಡ್ ಹೇಗೆ ಕೆಲಸ ಮಾಡುತ್ತದೆ?

ಇದು ಜಠರದ ಮೇಲ್ಭಾಗವನ್ನು ಸುತ್ತುವ ಸಿಲಿಕೋನ್ ಪಟ್ಟಿ. ಒಳಬದಿಯಲ್ಲಿ ಬಲೂನಿನಂಥ ಪೊರೆ ಇರುತ್ತದೆ. ಅಲ್ಲಿಂದ ಒಂದು ತೆಳು ಕೊಳವೆ ಹೊಟ್ಟೆಯ ಚರ್ಮದಡಿ ಕೂರಿಸಿದ ‘ಪೋರ್ಟ್’ ಎಂಬ ಪುಟ್ಟ ಬಿಲ್ಲೆಗೆ ಸೇರುತ್ತದೆ. ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಬ್ಯಾಂಡ್ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಬ್ಯಾಂಡಿನ ಮೇಲೆ ಉಳಿಯುವ ಪುಟ್ಟ ಚೀಲ ಬೇಗ ತುಂಬುವುದರಿಂದ ಸ್ವಲ್ಪ ಉಂಡರೂ ಸಾಕೆನಿಸುತ್ತದೆ.

ಸಣ್ಣ ರಂಧ್ರಗಳ ಮೂಲಕ ಇದನ್ನು ಮೊದಲು ಅಳವಡಿಸಿದ್ದು 1993ರಲ್ಲಿ, ಬೆಲ್ಜಿಯಂನಲ್ಲಿ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ‘ಸ್ಲೀವ್’ ಶಸ್ತ್ರಚಿಕಿತ್ಸೆ ಇದರ ಜಾಗ ಹಿಡಿದಿದೆ. ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳುವವರು ಕಡಿಮೆ. ಆದರೆ ಹಿಂದೆ ಹಾಕಿದ ಬ್ಯಾಂಡುಗಳು ಅನೇಕರ ಹೊಟ್ಟೆಯಲ್ಲಿ ಹಾಗೆಯೇ ಇವೆ.

ನಾವುಂದದಂಥ ಊರಿಗೆ ಇದು ಏಕೆ ಮುಖ್ಯ?

ನಾವುಂದ, ಬೈಂದೂರು, ಕುಂದಾಪುರದ ಕಡೆಯವರು ಮುಂಬೈ, ಬೆಂಗಳೂರು, ಗಲ್ಫ್ ದೇಶಗಳಲ್ಲಿ ದುಡಿಯುವುದು ಹೊಸತಲ್ಲ. ಆಪರೇಷನ್ ಅಲ್ಲಿ ಆಗಿರಬಹುದು. ತೊಂದರೆ ಮಾತ್ರ ಮದುವೆಗೋ ಜಾತ್ರೆಗೋ ಊರಿಗೆ ಬಂದಾಗ ಕಾಣಿಸಬಹುದು. ಫೈಲು ಅಲ್ಲಿ, ರೋಗಿ ಇಲ್ಲಿ. ಹೊರಗಿನಿಂದ ನೋಡಿದರೆ ಒಂದೆರಡು ಸಣ್ಣ ಕಲೆಗಳಷ್ಟೇ ಕಾಣುತ್ತವೆ. ರೋಗಿ ಹೇಳದಿದ್ದರೆ ಬ್ಯಾಂಡ್ ಇದೆಯೆಂದು ವೈದ್ಯರಿಗೆ ತಿಳಿಯುವುದು ಕಷ್ಟ.

ಏನೇನು ತೊಂದರೆ ಆಗಬಹುದು?

ಆಹಾರ ಸಿಕ್ಕಿಕೊಳ್ಳುವುದು: ಅಗಿಯದೆ ನುಂಗಿದ ಮಾಂಸ, ಒಣ ಅನ್ನ, ಬ್ರೆಡ್ಡು ಬ್ಯಾಂಡಿನ ಬಳಿ ನಿಲ್ಲಬಹುದು. ಸೋಡಾ ಕುಡಿದು ತಳ್ಳಲು ಹೋಗಬಾರದು.

ಜರುಗುವುದು: ಜಠರದ ಕೆಳಭಾಗ ಬ್ಯಾಂಡಿನೊಳಗೆ ನುಗ್ಗಿ ಮೇಲಿನ ಚೀಲ ಉಬ್ಬುತ್ತದೆ. ವಾಂತಿ, ಎದೆಯುರಿ, ರಾತ್ರಿ ಮಲಗಿದಾಗ ಕೆಮ್ಮು ಇದರ ಲಕ್ಷಣಗಳು. ಆ ಭಾಗಕ್ಕೆ ರಕ್ತ ಹರಿಯುವುದು ನಿಂತರೆ ಜೀವಕ್ಕೇ ಅಪಾಯ.

ಕೊರೆಯುವುದು: ಬ್ಯಾಂಡ್ ನಿಧಾನವಾಗಿ ಜಠರದ ಗೋಡೆಯನ್ನು ಕೊರೆದು ಒಳಗೆ ಇಳಿಯುತ್ತದೆ. ತೂಕ ಮತ್ತೆ ಏರುವುದು, ವರ್ಷಗಳ ನಂತರ ಪೋರ್ಟಿನ ಸುತ್ತ ಕೆಂಪಾಗಿ ಕೀವು ಬರುವುದು ಇದರ ಸುಳಿವು. ಇದನ್ನು ಬರೀ ಚರ್ಮದ ಸೋಂಕೆಂದು ತಿಳಿದು ಆಂಟಿಬಯಾಟಿಕ್ ಕೊಟ್ಟು ಸುಮ್ಮನಾಗಬಾರದು. ಎಂಡೋಸ್ಕೋಪಿ ಮಾಡಿಸಬೇಕು.

ಸೋರಿಕೆ: ಕೊಳವೆ ಬಿರಿದರೆ ಸಲೈನ್ ಸೋರಿ ಬ್ಯಾಂಡ್ ಸಡಿಲವಾಗುತ್ತದೆ, ಹಸಿವು ಹಿಂತಿರುಗುತ್ತದೆ. ಇದು ತುರ್ತಲ್ಲ.

ಮೊದಲ ಚಿಕಿತ್ಸೆ ಏನು?

ನೀರು, ಎಂಜಲೂ ಇಳಿಯದಿದ್ದರೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ನೋವಿದ್ದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಹೃದಯದ ತೊಂದರೆಯಲ್ಲೂ ಇಂಥದೇ ನೋವು ಬರಬಹುದಾದ್ದರಿಂದ ಇಸಿಜಿಯೂ ಬೇಕು.

ಅಲ್ಲಿ ಮೊದಲು ಮಾಡಬೇಕಾದದ್ದು ಪೋರ್ಟಿನಿಂದ ಸಲೈನ್ ಪೂರ್ತಿ ತೆಗೆಯುವುದು. ಇದಕ್ಕೆ ಹುಬರ್ ಸೂಜಿ ಎಂಬ ವಿಶೇಷ ಸೂಜಿ ಒಳ್ಳೆಯದು. ಅದು ಸಿಗದ ತುರ್ತಿನಲ್ಲಿ ವೈದ್ಯರು ಸಾಮಾನ್ಯ ಸೂಜಿಯನ್ನೂ ಬಳಸಬಹುದು. ಹಲವರಿಗೆ ಇಷ್ಟರಿಂದಲೇ ಆರಾಮವಾಗುತ್ತದೆ. ಬ್ಯಾಂಡ್ ಜಾಗದಲ್ಲೇ ಇದೆಯೇ ಎಂಬುದರ ಸುಳಿವನ್ನು ಎಕ್ಸ್‌ರೇ ಕೊಡುತ್ತದೆ. ಸಲೈನ್ ತೆಗೆದ ಮೇಲೂ ನೋವು ನಿಲ್ಲದಿದ್ದರೆ ತಕ್ಷಣ ಆಪರೇಷನ್ ಬೇಕಾಗಬಹುದು. ಆಗ ಮಣಿಪಾಲ ಅಥವಾ ಮಂಗಳೂರಿನಂಥ ಕಡೆಯ ದೊಡ್ಡ ಆಸ್ಪತ್ರೆಗೆ ಹೊರಡಲು ತಡಮಾಡಬಾರದು.

ಬರೀ ಗ್ಲೂಕೋಸ್ ಏರಿಸಿದರೆ ಸಾಕೇ?

ಸಾಲದು. ದಿನಗಟ್ಟಲೆ ವಾಂತಿಯಾದವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬೇಗ ಬರಿದಾಗುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಾಮಿನ್ ಬೇಕು. ಅದು ಇಲ್ಲದಿರುವಾಗ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು. ಕಣ್ಣು ಎರಡೆರಡಾಗಿ ಕಾಣುವುದು, ನಡೆ ತಪ್ಪುವುದು, ಗೊಂದಲ ಇದರ ಲಕ್ಷಣಗಳು. ಆದ್ದರಿಂದ ಗ್ಲೂಕೋಸಿಗೆ ಮೊದಲು ಅಥವಾ ಅದರ ಜೊತೆಗೇ ಥಯಾಮಿನ್ ಇಂಜೆಕ್ಷನ್ ಕೊಡಬೇಕು.

ಮುಂದೆ ಏನು?

ಬ್ಯಾಂಡ್ ಜೀವನಪೂರ್ತಿ ಉಳಿಯಲೇಬೇಕೆಂದಿಲ್ಲ. ವರ್ಷಗಳು ಕಳೆದಂತೆ ಅನೇಕರು ಅದನ್ನು ತೆಗೆಸುತ್ತಾರೆ. ತೆಗೆಸಿದ ಮೇಲೆ ತೂಕ ಮರಳುವುದು ಸಾಮಾನ್ಯ. ಅದು ರೋಗಿಯ ಸೋಲಲ್ಲ. ಬೇಕಿದ್ದರೆ ಸ್ಲೀವ್ ಅಥವಾ ಬೈಪಾಸ್ ಬಗ್ಗೆ ವೈದ್ಯರೊಂದಿಗೆ ಮಾತಾಡಬಹುದು. ಗರ್ಭಿಣಿಯರು ಬ್ಯಾಂಡ್ ಸಡಿಲಿಸುವ ಬಗ್ಗೆ ಮೊದಲೇ ಕೇಳಬೇಕು.

ಬ್ಯಾಂಡ್ ಇರುವವರು ಅದರ ಹೆಸರು, ಹಾಕಿದ ವರ್ಷ, ತುಂಬಿದ ಸಲೈನ್ ಎಷ್ಟು ಮಿಲಿಲೀಟರ್, ಪೋರ್ಟ್ ಎಲ್ಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ, ಮನೆಯವರಿಗೂ ಹೇಳಿಡಿ. ಆಪರೇಷನ್ ಮಾಡಿಸಿದ್ದನ್ನು ನೆಂಟರಿಂದ ಮುಚ್ಚಿಟ್ಟರೂ ಪರವಾಗಿಲ್ಲ, ಡಾಕ್ಟರಿಂದ ಮುಚ್ಚಿಡಬೇಡಿ.