ಜೇಬುಚಾಕುವೂ ನಮ್ಮ ಹೆಣ್ಣುಮಕ್ಕಳೂ

ಮಡಿಸುವ ಅಲಗು, ಪುಟ್ಟ ಕತ್ತರಿ, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ, ತೂತು ಕೊರೆಯುವ ಮೊನೆ, ಮುಳ್ಳು ಕೀಳುವ ಚಿಮಟ ಇವೆಲ್ಲವೂ ಒಂದೇ ಹಿಡಿಯೊಳಗೆ ಅಡಗಿಕೊಂಡು, ಬೇಕಾದಾಗ ಒಂದೊಂದಾಗಿ ಹೊರಬರುವಂತೆ ರಚಿಸಿದ ಸಾಧನವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರಬಹುದು. ಆದರೆ ಅವರು ಅದನ್ನು ಅಣ್ಣತಮ್ಮಂದಿರ ಕೈಯಲ್ಲಿ ಕಂಡಿರುವರೇ ಹೊರತು ತಮ್ಮ ಕೈಯಲ್ಲಿ ಹಿಡಿದವರು ವಿರಳ. ಪ್ರವಾಸಕ್ಕೆ ಹೊರಡುವ ಮಗನಿಗೆ ತಂದೆಯು ಇದನ್ನು ಸಂತೋಷದಿಂದ ಕೊಂಡುಕೊಡುವನು. ಮಗಳು ಕೇಳಿದರೆ, "ನಿನಗೇತಕ್ಕಮ್ಮಾ, ಕೈ ಕೊಯ್ದುಕೊಂಡೀಯೆ" ಎಂಬ ಉತ್ತರ ಸಿದ್ಧವಾಗಿರುವುದು. ದಿನಕ್ಕೆರಡು ಸಲ ಈಳಿಗೆಯ ಮುಂದೆ ಕುಳಿತು ತರಕಾರಿ ಹೆಚ್ಚುವ ಮಗಳಿಗೆ ಈ ಮಾತನ್ನು ಹೇಳುವುದು ವಿನೋದವೇ ಸರಿ. ಆದಕಾರಣ ಈ ಸಾಧನದ ಸ್ವರೂಪವನ್ನೂ ಅದನ್ನು ಬಳಸುವ ಕ್ರಮವನ್ನೂ ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ಇದು ಪರದೇಶದಿಂದ ಬಂದ ಹೊಸ ಕಲ್ಪನೆಯೆಂದು ಎಣಿಸಬೇಕಾದುದಿಲ್ಲ. ನಮ್ಮ ಸೀಮೆಯಲ್ಲಿ ಕುರಿ ಕಾಯುವವರು ಮುಳ್ಳು ಕೀಳುವ ಚಿಮಟವನ್ನೂ ಕಿವಿಯ ಕಡ್ಡಿಯನ್ನೂ ಒಂದೇ ಬಳೆಗೆ ಪೋಣಿಸಿ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯರ ಈಳಿಗೆಮಣೆಯಾದರೂ ಏನು? ತರಕಾರಿಗೆ ಅಲಗು, ತೆಂಗಿನಕಾಯಿಗೆ ತುದಿಯಲ್ಲಿ ಹಲ್ಲಿನ ತುರಿಯುವ ಬಿಲ್ಲೆ, ಕುಳಿತುಕೊಳ್ಳಲು ಮಣೆ. ಮೂರು ಪ್ರಯೋಜನಗಳು ಒಂದರಲ್ಲೇ ಕೂಡಿರುವುವು. ಜೇಬಿಗೆ ಹಿಡಿಯದೆಂಬುದೊಂದೇ ಅದರ ಕೊರತೆ.

ಈಗ ಪ್ರಸಿದ್ಧವಾಗಿರುವ ಕೆಂಪು ಹಿಡಿಯ ಚಾಕು ಸ್ವಿಟ್ಜರ್ಲೆಂಡಿನದು. ಕಾರ್ಲ್ ಎಲ್ಸೆನರ್ ಎಂಬಾತನು 1884ರಲ್ಲಿ ಈಬಾಖ್ ಎಂಬ ಊರಿನಲ್ಲಿ ಚಾಕು ಮಾಡುವ ಕಾರ್ಯಾಗಾರವನ್ನು ತೆರೆದು, 1891ರಲ್ಲಿ ಆ ದೇಶದ ಸೈನ್ಯಕ್ಕೆ ಚಾಕುಗಳನ್ನು ಒದಗಿಸಿದನು. ಸಿಪಾಯಿಯು ಆಹಾರದ ಡಬ್ಬಿಯನ್ನು ತೆರೆಯಬೇಕು, ಬಂದೂಕದ ತಿರುಪುಗಳನ್ನು ಬಿಚ್ಚಬೇಕು. ಎರಡಕ್ಕೂ ಒಂದೇ ಸಾಧನ ಸಾಲಬೇಕೆಂಬುದು ಅದರ ಉದ್ದೇಶ. ಹಗುರವಾದ ಅಧಿಕಾರಿಗಳ ಚಾಕು 1897ರಲ್ಲಿ ಬಂದಿತು. ಆತನು ತನ್ನ ತಾಯಿ ವಿಕ್ಟೋರಿಯಾಳ ಹೆಸರನ್ನು ಸರಕಿಗೆ ಇಟ್ಟನು. 1921ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಬಳಸತೊಡಗಿದಾಗ, ಅಂಥ ಉಕ್ಕಿಗಿರುವ 'ಇನಾಕ್ಸ್' ಎಂಬ ಹೆಸರು ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಎಂದಾಯಿತು. ಇನ್ನೊಂದು ಬಗೆಯದು ಇಕ್ಕಳವೇ ಮುಖ್ಯವಾಗಿರುವ ಸಾಧನ. ಅಮೆರಿಕದ ಟಿಮ್ ಲೆದರ್‌ಮನ್ ಎಂಬಾತನು 1975ರಲ್ಲಿ ಹಳೆಯ ಮೋಟಾರುಕಾರಿನಲ್ಲಿ ಯೂರೋಪನ್ನು ಸುತ್ತುವಾಗ, ತನ್ನ ಜೇಬುಚಾಕುವಿನಲ್ಲಿ ಇಕ್ಕಳವೊಂದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಪದೇ ಪದೇ ಪರಿತಪಿಸಿದನಂತೆ. ಆತನ ಸಾಧನವು ಮಾರಾಟಕ್ಕೆ ಬಂದದ್ದು 1983ರಲ್ಲಿ.

ಇನ್ನು ಬಳಸುವ ಕ್ರಮ. ಈಳಿಗೆಯಲ್ಲಿ ಅಲಗು ನಿಂತಿರುವುದು, ಕಾಯಿಯು ಚಲಿಸುವುದು. ಜೇಬುಚಾಕುವಿನಲ್ಲಿ ವಸ್ತುವು ನಿಂತಿರುವುದು, ಅಲಗು ಚಲಿಸುವುದು. ನಮ್ಮ ಹುಡುಗಿಯರು ಮೊದಲು ಕಲಿಯತಕ್ಕದ್ದು ಈ ಭೇದವನ್ನು. ಅಲಗು ಜಾರಿದರೆ ಎಲ್ಲಿಗೆ ಹೋಗುವುದೆಂದು ಮೊದಲೇ ನೋಡಿಕೊಂಡು, ಆ ದಾರಿಯಲ್ಲಿ ತನ್ನ ಬೆರಳಾಗಲಿ ತೊಡೆಯಾಗಲಿ ಪಕ್ಕದವಳ ಕೈಯಾಗಲಿ ಇಲ್ಲದಂತೆ ಮಾಡಿಕೊಳ್ಳಬೇಕು. ಕೈ ಚಾಚಿ ಒಂದು ಸುತ್ತು ತಿರುಗಿದರೆ ಯಾರಿಗೂ ತಾಗದಷ್ಟು ಸ್ಥಳವಿರತಕ್ಕದ್ದು. ಮತ್ತೊಬ್ಬರಿಗೆ ಕೊಡುವಾಗ ಮಡಿಸಿಯೇ ಕೊಡಬೇಕು.

ಎರಡನೆಯ ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಇಂಥ ಚಾಕುಗಳಲ್ಲಿ ಬಹಳವು ಅಲಗನ್ನು ಬರಿಯ ಸ್ಪ್ರಿಂಗಿನ ಬಲದಿಂದ ನಿಲ್ಲಿಸುವುವು, ಅವುಗಳಿಗೆ ಅಗುಳಿಯಿಲ್ಲ. ಅಲಗಿನ ತುದಿಯಿಂದ ಚುಚ್ಚಿ ಒತ್ತಿದರೆ ಅದು ಹಿಂದಕ್ಕೆ ಮಡಿದು ಬೆರಳುಗಳ ಮೇಲೆ ಬೀಳುವುದು. ಆದ್ದರಿಂದ ತೂತು ಮಾಡಲು ಅಲಗನ್ನು ಎಂದಿಗೂ ಬಳಸಬಾರದು, ಅದಕ್ಕಾಗಿಯೇ ಕೊರೆಮೊನೆಯಿರುವುದು. ಒಮ್ಮೆ ಚಂದ್ರವಳ್ಳಿಗೆ ಹೋಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚಪ್ಪಲಿಯ ಪಟ್ಟಿಯು ಕಿತ್ತುಹೋಯಿತು. ಅವಳ ಗೆಳತಿಯು ಕೊರೆಮೊನೆಯಿಂದ ಎರಡು ತೂತು ಕೊರೆದು, ದಪ್ಪ ದಾರವನ್ನು ಹಾಯಿಸಿ, ಗಂಟು ಹಾಕಿದಳು. ಕಾದ ಬಂಡೆಗಳ ಮೇಲೆ ಬರಿಗಾಲಲ್ಲಿ ನಡೆಯಬೇಕಾಗಿದ್ದ ಹುಡುಗಿಯು ಚಪ್ಪಲಿಯಲ್ಲೇ ಊರು ಸೇರಿದಳು.

ಚಿಮಟದ ಪ್ರಯೋಜನವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾದುದಿಲ್ಲ. ಹಿರಿಯೂರಿನ ಕಡೆಯ ಬಳ್ಳಾರಿ ಜಾಲಿಯ ಮುಳ್ಳನ್ನು ತುಳಿಯದ ಕಾಲು ಯಾವುದುಂಟು? ಕೈಯನ್ನೂ ಕಾಲನ್ನೂ ಸಾಬೂನಿನಿಂದ ತೊಳೆದು, ಚಿಮಟವನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಮುಳ್ಳು ಹೊಕ್ಕ ದಾರಿಯಲ್ಲೇ ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ ತುದಿಯು ಒಳಗೇ ಮುರಿಯುವುದು. ಆಳಕ್ಕೆ ಇಳಿದ ಅಥವಾ ಕೀಲಿನ ಬಳಿ ಮುರಿದ ಮುಳ್ಳನ್ನು ಅಲಗಿನಿಂದ ಕೆದಕುವುದು ಮೂರ್ಖತನ. ವೈದ್ಯರಲ್ಲಿಗೆ ಹೋಗತಕ್ಕದ್ದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ಕೇಳತಕ್ಕದ್ದು.

ಕತ್ತರಿಯನ್ನು ಕುರಿತು ತಾಯಂದಿರು ಗಮನವಿಟ್ಟು ಓದಬೇಕು. ದುಪಟ್ಟವಾಗಲಿ ಸೆರಗಾಗಲಿ ಬೈಸಿಕಲ್ಲಿನ ಸರಪಳಿಗೋ ಮೋಟಾರುಬೈಕಿನ ಹಿಂದಿನ ಚಕ್ರಕ್ಕೋ ಸಿಕ್ಕಿಕೊಂಡು ಕುತ್ತಿಗೆ ಬಿಗಿಯುವ ಅಪಘಾತಗಳು ನಡೆಯುತ್ತಲೇ ಇವೆ. ಅಂಥ ಹೊತ್ತಿನಲ್ಲಿ ಮೊದಲು ವಾಹನವನ್ನು ನಿಲ್ಲಿಸಿ, ಯಂತ್ರವನ್ನು ಆರಿಸಬೇಕು. ಬಟ್ಟೆಯನ್ನು ಬಿಡಿಸುತ್ತಾ ಕಾಲಹರಣ ಮಾಡದೆ, ಕುತ್ತಿಗೆಗೂ ಚಕ್ರಕ್ಕೂ ನಡುವೆ, ಬಿಗಿಯಾಗಿ ಎಳೆದುಕೊಂಡಿರುವ ಭಾಗದಲ್ಲಿ ಕತ್ತರಿಸಿಬಿಡಬೇಕು. ಕತ್ತರಿಯಿಲ್ಲದೆ ಅಲಗನ್ನೇ ಬಳಸುವುದಾದರೆ ಅದರ ಬೆನ್ನು ಮೈಯ ಕಡೆಗೂ ಬಾಯಿ ಹೊರಗಡೆಗೂ ಇರಲಿ. ಎಷ್ಟು ಬೆಲೆಯ ಬಟ್ಟೆಯೆಂದು ಆಗ ಯೋಚಿಸಬೇಡಿ.

ಬೈಸಿಕಲ್ಲಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇನೆ. ಕರ್ನಾಟಕ ಸರಕಾರವು 2006-07ರಿಂದ ಅನೇಕ ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಟ್ಟಿತು; ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಗೆ ಬರಲು ಅದು ಬಹಳ ಸಹಾಯವಾಯಿತು. ಆದರೆ ಸರಪಳಿಯ ಕಾಪುತಗಡಿನ ತಿರುಪು ಸಡಿಲವಾದರೆ, ಆ ವಾಹನವು ಬಿಡುವಿರುವ ಗಂಡಸರೊಬ್ಬರು ದೊರೆಯುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಿತ್ತು, ಹುಡುಗಿಯ ಹಾಜರಿಯೂ ತಪ್ಪುತ್ತಿತ್ತು. ತಿರುಪುಳಿಯ ಎರಡು ಸುತ್ತಿನ ಕೆಲಸವದು! ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯಿನಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳುವಂತೆ, ತನ್ನ ಶಾಲೆಯ ಕಪ್ಪುಹಲಗೆ, ಬಾಗಿಲಿನ ಕೀಲು, ಮಕ್ಕಳ ಕನ್ನಡಕ ಇವುಗಳ ತಿರುಪುಗಳಿಗಾಗಿ ಅವಳೀಗ ಯಾರನ್ನೂ ಕಾಯುವುದಿಲ್ಲ. ಕನ್ನಡಕದ ತಿರುಪಿಗೆ ಬೇಕಾದ ಅತಿಸಣ್ಣ ತಿರುಪುಳಿಯು ಕೆಲವು ಸ್ವಿಸ್ ಚಾಕುಗಳಲ್ಲಿ ಮದ್ಯದ ಸೀಸೆಯ ಬಿರಡೆ ಕೀಳುವ ಸುರುಳಿಯೊಳಗೆ ಸೇರಿರುವುದು. ಆ ಸುರುಳಿಗೆ ನಮ್ಮ ಮನೆಗಳಲ್ಲಿ ಬೇರೆ ಕೆಲಸವಿಲ್ಲ. ಬಿಗಿದ ಗಂಟುಗಳನ್ನು ಸಡಿಲಿಸಲು ಚೆನ್ನಾಗಿರುವುದು.

ಎಲ್ಲ ಕೆಲಸಕ್ಕೂ ಇದೊಂದೇ ಸಾಕೆಂಬ ಭ್ರಮೆ ಬೇಡ. ಹೊಳಲ್ಕೆರೆಯವರು ಒಣಗಿದ ಅಡಕೆಯನ್ನು ಇದರಿಂದ ಒಡೆಯಲು ಹೊರಟರೆ ಅಲಗಿನ ಬಾಯಿ ಚಿಪ್ಪೇಳುವುದು. ಅಡಕೆಗೆ ಅಡಕತ್ತರಿಯೇ ಸರಿ. ತೆಂಗಿನಕಾಯಿ ಸುಲಿಯುವುದಕ್ಕೂ ಇದು ಬಾರದು. ಅಲಗನ್ನು ಹಾರೆಯಂತೆ ಮೀಟಬಾರದು. ವಿದ್ಯುತ್ತಿನ ಸಾಧನಗಳನ್ನು ಬಿಚ್ಚುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಲೇಬೇಕು. ಇಕ್ಕಳದ ಬಗೆಯ ಸಾಧನವು ಹಿಡಿಯವರೆಗೂ ಲೋಹವೇ ಆದುದರಿಂದ ಅದು ವಿದ್ಯುತ್ತನ್ನು ನೇರವಾಗಿ ಕೈಗೆ ಮುಟ್ಟಿಸುವುದು. ಅಡುಗೆ ಅನಿಲದ ಸಿಲಿಂಡರಿನ ಬಳಿಗೆ ಇದನ್ನು ಒಯ್ಯಬೇಡಿ.

ನಮ್ಮ ಸೀಮೆಯ ಕರಿಮಣ್ಣಿನ ಧೂಳು ಕೀಲುಗಳಲ್ಲಿ ಸೇರಿದರೆ ಅಲಗು ಕರಕರನೆ ತೆರೆಯುವುದು. ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ, ಹಲವು ಸಲ ತೆರೆದು ಮುಚ್ಚಿ, ಚೆನ್ನಾಗಿ ಒಣಗಿಸಿ, ಹೊಲಿಗೆಯಂತ್ರದ ಎಣ್ಣೆಯ ಒಂದು ತೊಟ್ಟನ್ನು ಬಿಟ್ಟು, ಹಣ್ಣು ಕೊಯ್ಯುವ ಅಲಗನ್ನು ಒರೆಸಿಡಬೇಕು. ಕೊಬ್ಬರಿಯೆಣ್ಣೆಯು ಕಾಲಕ್ರಮದಲ್ಲಿ ಅಂಟಾಗುವುದು. ತುಕ್ಕು ಹಿಡಿಯದ ಉಕ್ಕೆಂದರೂ ಹುಣಿಸೆಹಣ್ಣು, ನಿಂಬೆಹಣ್ಣುಗಳ ಹುಳಿಯನ್ನು ತೊಳೆಯದೆ ಬಿಟ್ಟರೆ ಕಲೆಯಾದೀತು. ಸಾಣೆಗಲ್ಲಿನ ಮೇಲೆ ಅಲಗನ್ನು ಇಪ್ಪತ್ತು ಡಿಗ್ರಿಯಷ್ಟು ಓರೆಯಾಗಿ ಹಿಡಿದು ಎರಡು ಪಕ್ಕಗಳನ್ನೂ ಸಮನಾಗಿ ಮಸೆಯಿರಿ. ಮೊಂಡು ಅಲಗೇ ಹೆಚ್ಚು ಅಪಾಯಕರ, ಏಕೆಂದರೆ ಅದಕ್ಕೆ ಬಲ ಹಾಕಬೇಕಾಗುವುದು, ಬಲ ಹಾಕಿದಾಗಲೇ ಅದು ಜಾರುವುದು.

ಮಕ್ಕಳು ಇದನ್ನು ತರಗತಿಗೆ ತರತಕ್ಕದ್ದಲ್ಲ. ಜೋಗಿಮಟ್ಟಿಗೋ ಮಾರಿಕಣಿವೆಗೋ ಹೊರಟಾಗ ಉಪಾಧ್ಯಾಯಿನಿಯ ಬಳಿ ಇದ್ದು, ಕೆಲಸಕ್ಕೆ ಬೇಕಾದಾಗ ಕೈಗೆ ಬರಲಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡದೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬೇಕು. ಇಲ್ಲವಾದರೆ ತಪಾಸಣೆಯಲ್ಲಿ ಕಳೆದುಕೊಳ್ಳುವಿರಿ.

ಕೊನೆಗೆ ಉಳಿದದ್ದು ಜೇಬಿನ ಪ್ರಶ್ನೆ. ಜೇಬುಚಾಕುವೆಂದು ಹೆಸರಿಟ್ಟವರು ಜೇಬುಳ್ಳವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ತೋರುತ್ತದೆ. ನಮ್ಮ ಅಜ್ಜಿಯರಿಗಾದರೋ ಎಲೆಯಡಿಕೆಯ ಸಂಚಿಯಿತ್ತು. ಅದರ ಅರೆಗಳಲ್ಲಿ ಅಡಕೆ, ಸುಣ್ಣದ ಡಬ್ಬಿ, ಅಡಕತ್ತರಿ, ಚಿಲ್ಲರೆ ಕಾಸು ಎಲ್ಲವೂ ಇರುತ್ತಿದ್ದುವು. ಸಂಚಿಯು ಹೋಯಿತು, ಅದರ ಸ್ಥಾನಕ್ಕೆ ಜೇಬು ಬರಲಿಲ್ಲ. ಹಬ್ಬಕ್ಕೆ ಮಗಳಿಗೆ ಲಂಗವನ್ನೋ ಚೂಡಿದಾರವನ್ನೋ ಹೊಲಿಸುವಾಗ, ಬಲಗಡೆಯ ಹೊಲಿಗೆಯಲ್ಲಿ ಒಂದು ಗೇಣು ಆಳದ ಜೇಬನ್ನು ಗಟ್ಟಿ ಬಟ್ಟೆಯಿಂದ ಇಡುವಂತೆ ದರ್ಜಿಗೆ ಹೇಳಿ. ಹೊಲಿಗೆ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಅರ್ಧ ಗಂಟೆಯ ಕೆಲಸ.