ತಲಕಟ್ಟು, ಗುಡಿಸು, ಕೊಂಬು ಮತ್ತು ಜಬರ್, ಜೇರ್, ಪೇಶ್

ಜತ್ತ ತಾಲೂಕಿನ ಮೂಡಣ ಹಳ್ಳಿಗಳಲ್ಲಿ, ಉಮದಿ ಸಂಖಗಳ ಸುತ್ತಿನಲ್ಲಿ, ಮುಸಲ್ಮಾನ ಮನೆಯ ಮಗು ಏಳು ವರುಷ ತುಂಬುವುದರೊಳಗೆ ಎಷ್ಟು ನುಡಿಗಳ ಹೊರೆ ಹೊರುತ್ತದೆಂಬುದನ್ನು ಶಿಕ್ಷಕರಾದ ನಾವು ಎಣಿಸುವುದು ಅಪರೂಪ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ, ಕಚೇರಿಯ ಹಲಗೆಯ ಮೇಲೆ ಮರಾಠಿ, ನಸುಕಿನಲ್ಲಿ ಮಕತಬದ ಚಾಪೆಯ ಮೇಲೆ ಅರಬ್ಬಿ.

ಒಮ್ಮೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿಗೆ ಕಾಗುಣಿತ ಹತ್ತಲೇ ಇಲ್ಲ. 'ಕಿ' ಎಂದರೆ 'ಕು' ಬರೆಯುವನು. ದಡ್ಡನೆಂದು ನಾವು ಮನಸ್ಸಿನಲ್ಲಿ ಬರೆದುಕೊಂಡೆವು. ಒಂದು ಮುಂಜಾವು ಮಸೀದಿಯ ಪಕ್ಕದಿಂದ ಹೋಗುವಾಗ ಅವನದೇ ದನಿ ಕೇಳಿಸಿತು: "ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು". ಒಂದೂ ತಪ್ಪಿಲ್ಲ. ನಾವು ಕಲಿಸಲಾರದೆ ಹೋದ ಪಾಠವೇ ಅದು. ಆ ದಿನ ನಾಚಿದವರು ನಾವು. ಅಂದಿನಿಂದ ಈ ಎರಡು ಪಾಠಗಳನ್ನು ಜೋಡಿಸಿ ನೋಡುತ್ತ ಬಂದಿದ್ದೇವೆ. ನಮಗೆ ತಿಳಿದುದನ್ನು ಶಿಕ್ಷಕ ಬಂಧುಗಳ ಮುಂದಿಡುತ್ತೇವೆ.

ಗರಿ, ಗಿರಿ, ಗುರಿ. ಈ ಮೂರು ಮಾತುಗಳಲ್ಲಿ ವ್ಯಂಜನಗಳು ಒಂದೇ. ಮೊದಲಕ್ಷರದ ಗುಣಿತವೊಂದೇ ಬೇರೆ. ಅರಬ್ಬಿಯಲ್ಲಿಯೂ ಹಾಗೆಯೇ. 'ಕತಬ' ಎಂದರೆ ಬರೆದನು, 'ಕುತಿಬ' ಎಂದರೆ ಬರೆಯಲ್ಪಟ್ಟಿತು, 'ಕುತುಬ್' ಎಂದರೆ ಪುಸ್ತಕಗಳು. ಮೂರಕ್ಕೂ ಅಕ್ಷರಗಳು ಅವೇ ಮೂರು. ಅರ್ಥವನ್ನು ಬೇರ್ಪಡಿಸುವವು ಚಿಹ್ನೆಗಳು. ಅಕ್ಷರದ ಮೇಲಿನ ಓರೆಗೆರೆ ಜಬರ್, ಕೆಳಗಿನ ಓರೆಗೆರೆ ಜೇರ್, ಮೇಲೆ ಸುರುಳಿಯಾಗಿ ಕೂಡುವುದು ಪೇಶ್. ನಮ್ಮ ಕಡೆಯ ಈ ಹೆಸರುಗಳು ಪಾರಸಿಯವು. ಮೇಲೆ, ಕೆಳಗೆ, ಮುಂದೆ ಎಂದು ಅವುಗಳ ಅರ್ಥ. ಅರಬ್ಬಿಯಲ್ಲಿ ಇವಕ್ಕೆ ಫತಹಾ, ಕಸರಾ, ದಮ್ಮಾ ಎನ್ನುವರು.

ಈ ಚಿಹ್ನೆಗಳು ಲಿಪಿಯೊಡನೆ ಹುಟ್ಟಿದವಲ್ಲ. ಏಳನೆಯ ಶತಮಾನದಲ್ಲಿ, ಅರಬ್ಬರಲ್ಲದವರೂ ಕುರ್‌ಆನ್ ಓದತೊಡಗಿ ತಪ್ಪುಗಳು ಹೆಚ್ಚಿದಾಗ, ಬಸರಾದ ಅಬುಲ್ ಅಸ್ವದ್ ಅದ್-ದುಅಲಿ ಎಂಬ ಪಂಡಿತನು ಒಬ್ಬ ಲಿಪಿಕಾರನನ್ನು ಕೂರಿಸಿಕೊಂಡನೆಂದು ಪರಂಪರೆ ಹೇಳುತ್ತದೆ. "ನನ್ನ ತುಟಿಗಳನ್ನು ನೋಡು, ತೆರೆದರೆ ಅಕ್ಷರದ ಮೇಲೆ ಬೊಟ್ಟಿಡು, ಕೂಡಿಸಿದರೆ ಮುಂದೆ, ಕೆಳಗಿಳಿಸಿದರೆ ಕೆಳಗೆ" ಎಂಬ ಭಾವದ ಮಾತು ಅವನದು. ಬೇರೆ ಬಣ್ಣದ ಆ ಬೊಟ್ಟುಗಳನ್ನು ಎಂಟನೆಯ ಶತಮಾನದಲ್ಲಿ ಖಲೀಲ್ ಇಬ್ನ್ ಅಹ್ಮದ್ ಇಂದಿನ ರೂಪಕ್ಕೆ ತಂದನೆನ್ನುವರು. ಪೇಶ್ ಎಂಬುದು ಪುಟ್ಟ 'ವಾವ್' ಅಕ್ಷರವೇ. ಅರಬ್ಬರಲ್ಲದವರಿಗಾಗಿ ಹುಟ್ಟಿದ ಊರುಗೋಲನ್ನೇ ಜತ್ತದ ಮಗು ಇಂದು ಹಿಡಿದು ನಡೆಯುತ್ತಿದೆ.

ಉಳಿದ ಚಿಹ್ನೆಗಳಿಗೂ ಕನ್ನಡದಲ್ಲಿ ನೆಂಟರಿದ್ದಾರೆ. ಜಜಮ್ ಇದ್ದರೆ ಸ್ವರವಿಲ್ಲದ 'ಕ್'. ತಶದೀದ್ ನಮ್ಮ ಒತ್ತಕ್ಷರ. 'ಹಳಿ'ಗೂ 'ಹಳ್ಳಿ'ಗೂ ಇರುವ ಭೇದವನ್ನು ಬಲ್ಲ ಮಗು ಅದರಲ್ಲಿ ಎಡವದು. ಎರಡು ಜಬರ್, ಎರಡು ಜೇರ್, ಎರಡು ಪೇಶ್ ಬಂದಲ್ಲಿ ಅನ್, ಇನ್, ಉನ್. ಅಲಿಫ್, ಯೇ, ವಾವ್‌ಗಳು ತಕ್ಕ ಚಿಹ್ನೆಯ ಬೆನ್ನಿಗೆ ಬಂದರೆ ಕಾ, ಕೀ, ಕೂ ಎಂಬಂತೆ ದೀರ್ಘ.

ಹೋಲಿಕೆಯಲ್ಲಿ ಮೈಮರೆಯಬಾರದು. ಮೊದಲನೆಯದಾಗಿ, ನಮ್ಮ ಗುಡಿಸು ಅಕ್ಷರದ ತಲೆಯ ಮೇಲೆ, ಜೇರ್ ಕಾಲ ಕೆಳಗೆ. ನಮ್ಮ ಕೊಂಬು ಬಲಪಕ್ಕದಲ್ಲಿ, ಪೇಶ್ ತಲೆಯ ಮೇಲೆ. ನಮ್ಮ ಹುಡುಗ 'ಕಿ'ಗೆ 'ಕು' ಬರೆದುದು ಬಹುಶಃ ಈ ತೊಡಕಿನಿಂದಲೇ: ತಲೆಯ ಮೇಲೆ ಸುರುಳಿ ಕಂಡರೆ ಅವನಿಗೆ ಅದು ಪೇಶ್. ಎರಡನೆಯದಾಗಿ, ಅರಬ್ಬಿಯ ಈ ಚಿಹ್ನೆಗಳಿಗೆ ಎ, ಒ ಇಲ್ಲ. ಮನೆಯಲ್ಲಿ ಮೆಹನತ್, ಮೊಹಬ್ಬತ್ ಎಂದು ರೂಢಿಯಾದ ನಾಲಗೆ ಜೇರನ್ನು 'ಎ' ಕಡೆಗೂ ಪೇಶನ್ನು 'ಒ' ಕಡೆಗೂ ಎಳೆಯುತ್ತದೆ. ಆಗ 'ಗಿರಿ' ಎನ್ನು, 'ಗುರಿ' ಎನ್ನು ಎಂದು ಕನ್ನಡದಿಂದಲೇ ತಿದ್ದಬಹುದು.

ಅರಬ್ಬಿ ಪಾಠವನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟರೆ ಸಾಲದೇ ಎಂದು ಕೆಲವು ಪಾಲಕರು ಕೇಳುತ್ತಾರೆ. ಕನ್ನಡ ಲಿಪಿ ಸ್ವರಗಳನ್ನು ಚೆನ್ನಾಗಿ ಹಿಡಿಯುತ್ತದೆ, ವ್ಯಂಜನಗಳಲ್ಲಿ ಸೋಲುತ್ತದೆ. ಅವರ ಸೇ, ಸೀನ್, ಸ್ವಾದ್ ಮೂರೂ ನಮ್ಮಲ್ಲಿ ಒಂದೇ 'ಸ' ಆಗುತ್ತವೆ. ಗಂಟಲಾಳದ ಕಾಫಿನಿಂದ 'ಕಲ್ಬ್' ಎಂದರೆ ಹೃದಯ. ಸಾದಾ ಕಾಫಿನಿಂದ ಅದೇ ಮಾತು ನಾಯಿ. ಕನ್ನಡ ಬರಹದಲ್ಲಿ ಎರಡೂ ಒಂದೇ. ಆದುದರಿಂದ ಕನ್ನಡ ಅಕ್ಷರ ಏಣಿಯಾಗಲಿ, ಮನೆಯಾಗದಿರಲಿ.

ಇನ್ನೊಂದು ಸಣ್ಣ ಎಚ್ಚರ. ನಮ್ಮ ದೇಶದ ಮುದ್ರಣದಲ್ಲಿ ಫೀ ಎಂಬಂಥ ದೀರ್ಘದ 'ಯೇ' ಮೇಲೆ ಜಜಮ್ ಹಾಕುತ್ತಾರೆ. ಹಜ್‌ಗೆ ಹೋದವರು ತರುವ ಮದೀನಾ ಮುದ್ರಣದಲ್ಲಿ ಅದನ್ನು ಬರಿದಾಗಿ ಬಿಡುತ್ತಾರೆ. ಎರಡೂ ಸರಿಯೇ. ಆದರೆ ಎಳೆಯ ಮಗುವಿಗೆ ಓದು ನೆಲೆಗೊಳ್ಳುವವರೆಗೆ ಒಂದೇ ಬಗೆಯ ಪುಸ್ತಕವಿರಲಿ.

ನಾವು ಮಾಡಿದ್ದಿಷ್ಟೇ. ಆ ಹುಡುಗನನ್ನು ಪಾಟಿಯ ಮುಂದೆ ಕೂರಿಸಿ, "ಬೇ ಜೇರ್ ಬಿ ಅನ್ನು" ಎಂದೆವು. ಅಂದನು. "ಅದೇ ಬಿ, ಕನ್ನಡದಾಗ ಅದರ ಟೊಪ್ಪಿಗಿ ಮ್ಯಾಲೆ ಇರತೈತಿ" ಎಂದು ಗುಡಿಸು ಬರೆದು ತೋರಿಸಿದೆವು. ಅವನು ನಕ್ಕು ತಾನೇ 'ಕಿ' ಬರೆದನು. ನಮ್ಮ ಮಕ್ಕಳು ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ನಸುಕಿನಲ್ಲಿ ಏನು ಕಲಿತು ಬಂದಿದ್ದಾರೆಂಬುದನ್ನು ಕೇಳುವ ಕಿವಿ ನಮಗಿದ್ದರೆ ಅರ್ಧ ಪಾಠ ಆಗಲೇ ಮುಗಿದಿರುತ್ತದೆ.