ಹೇಜಲ್‌ನಟ್ ಗಿಡ ನೆಟ್ಟರೆ ಕೊಲೆಸ್ಟರಾಲ್ ಮಾತ್ರೆ ಬಿಡಬಹುದೇ?



ಕಳೆದ ತಿಂಗಳು ಓಪಿಡಿಗೆ ಬಂದ ನಮ್ಮೂರ ಕಡೆಯ ಹಿರಿಯರೊಬ್ಬರು ರಿಪೋರ್ಟಿಗಿಂತ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದರು. ಘೋಡಬಂದರ್ ರಸ್ತೆಯ ಸೊಸೈಟಿ, ಗ್ರೌಂಡ್ ಫ್ಲೋರ್ ಮನೆ, ಮುಂದೆ ತುಸು ಮಣ್ಣು. ಅದರಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಹೇಜಲ್‌ನಟ್ ಸಸಿ.

"ಡಾಕ್ಟ್ರೇ, ಮೂರು ವರ್ಷಕ್ಕೆ ಕಾಯಿ ಬಿಡ್ತದಂತೆ. ಅಲ್ಲಿವರೆಗೆ ಅಂಗಡಿಯಿಂದ ತಂದು ತಿಂತಾ ಇದ್ದೇನೆ. ಹೃದಯಕ್ಕೆ ಒಳ್ಳೆಯದು ಅಂತ ಮೆಸೇಜ್ ಬಂದಿತ್ತಲ್ಲ, ಕೊಲೆಸ್ಟರಾಲ್ ಮಾತ್ರೆ ಬಿಟ್ಟೆ."

ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. 62 ಇದ್ದ ಎಲ್‌ಡಿಎಲ್ 148 ಆಗಿತ್ತು.

*ಮೊದಲು ಗಿಡದ ಮಾತು.* ಹೇಜಲ್ ಚಳಿನಾಡಿನ ಪೊದೆ. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಬೆಳೆ ಟರ್ಕಿಯದು, ಅದೂ ಕಪ್ಪು ಸಮುದ್ರದ ದಂಡೆಯದು. ನಮ್ಮಲ್ಲಿ ಹಿಮಾಚಲದ ಪಾಂಗಿ ಕಣಿವೆಯಲ್ಲಿ ಇದರ ಕಾಡುಜಾತಿಯೊಂದಿದೆ, ಅಲ್ಲಿಯವರು 'ಠಾಂಗಿ' ಅನ್ನುತ್ತಾರೆ. ಹೂವು ಸರಿಯಾಗಿ ಬರಬೇಕಾದರೆ ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಯ ಆಸುಪಾಸಿನ ಚಳಿ ಬೇಕು. ಠಾಣೆಯಲ್ಲಿ ಜನವರಿಯಲ್ಲೂ ಫ್ಯಾನ್ ಹಾಕಿ ಮಲಗುವವರು ನಾವು! ಸಾಲದ್ದಕ್ಕೆ ತನ್ನದೇ ಪರಾಗದಿಂದ ಅದು ಕಾಯಿ ಕಟ್ಟುವುದಿಲ್ಲ, ಹೊಂದುವ ಬೇರೆ ತಳಿ ಹತ್ತಿರ ಇರಬೇಕು. ಅಂದರೆ ಇಲ್ಲಿ ಎಲೆ ಬರಬಹುದು, ಕಾಯಿ ಬರಲಾರದು.

*ಇನ್ನು ಹೃದಯದ ಮಾತು.* ಆ ಮೆಸೇಜ್ ಪೂರ್ತಿ ಸುಳ್ಳಲ್ಲ. ಸ್ಪೇನಿನ 'ಪ್ರೆಡಿಮೆಡ್' ಅಧ್ಯಯನದಲ್ಲಿ 7,447 ಜನರಿದ್ದರು. ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ ಜೊತೆ ದಿನಕ್ಕೆ 30 ಗ್ರಾಂ ಬೀಜ ಕೊಟ್ಟರು: ಅರ್ಧ ಅಕ್ರೋಟು, ಉಳಿದರ್ಧದಲ್ಲಿ ಬಾದಾಮಿ, ಹೇಜಲ್‌ನಟ್ ಸಮಪಾಲು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಸುಮಾರು ಶೇ. 30 ಕಡಿಮೆಯಾದವು. 2013ರಲ್ಲಿ ಪ್ರಕಟವಾದ ಈ ವರದಿಯನ್ನು ಗುಂಪು ಹಂಚಿದ ರೀತಿಯಲ್ಲಿ ಲೋಪ ಕಂಡು ಹಿಂತೆಗೆದುಕೊಂಡರು. 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ.

ಆದರೆ ಫಾರ್ವರ್ಡ್‌ನಲ್ಲಿ ಬಾರದ ಎರಡು ಸಂಗತಿ ಇವೆ. ಆ ಜನರಿಗೆ ಅಧ್ಯಯನ ಶುರುವಾದಾಗ ಹೃದ್ರೋಗ ಇರಲಿಲ್ಲ, ಸ್ಟೆಂಟ್ ಆದವರನ್ನು ಸೇರಿಸಿಕೊಂಡೇ ಇರಲಿಲ್ಲ. ಮತ್ತೆ, ಅವರಲ್ಲಿ ಅನೇಕರು ಕೊಲೆಸ್ಟರಾಲ್ ಮಾತ್ರೆ ನುಂಗುತ್ತಲೇ ಇದ್ದರು. ಬೀಜ ಎಲ್‌ಡಿಎಲ್ ಅನ್ನು ಸ್ವಲ್ಪ ಇಳಿಸುತ್ತದೆ; ಸ್ಟೆಂಟ್ ಆದವರಿಗೆ ಅದು 70ರ ಕೆಳಗೆ, ಸಾಧ್ಯವಾದರೆ 55ರ ಕೆಳಗೆ ಇರಬೇಕು. ಆ ಕೆಲಸ ಒಂದು ಹಿಡಿ ಬೀಜದಿಂದ ಆಗುವುದಲ್ಲ.

ತಿನ್ನುವುದಾದರೆ ಉಪ್ಪು ಹಾಕದ, ಕರಿಯದ ಬೀಜ ತಿನ್ನಿ. 30 ಗ್ರಾಂ ಹೇಜಲ್‌ನಟ್ಟಿನಲ್ಲಿ ಸುಮಾರು 190 ಕ್ಯಾಲರಿ ಇದೆ, ಹಾಗಾಗಿ ಊಟದ ಮೇಲೆ ಸೇರಿಸುವುದಲ್ಲ, ಸಂಜೆಯ ಚಕ್ಕುಲಿ–ಫರ್ಸಾಣದ ಬದಲಿಗೆ. ಮೊಮ್ಮಕ್ಕಳ ಹೇಜಲ್‌ನಟ್ ಚಾಕೊಲೇಟ್ ಬಾಟಲಿಯನ್ನು ಈ ಲೆಕ್ಕಕ್ಕೆ ತರಬೇಡಿ, ಲೇಬಲ್ ಓದಿ: ಸಾಮಾನ್ಯವಾಗಿ ಮೊದಲ ಹೆಸರೇ ಸಕ್ಕರೆ. ಬೀಜ ತಿಂದಾಗ ತುಟಿ ಊದಿಕೊಂಡರೆ, ಗಂಟಲು ಕಡಿದರೆ ಅದು ಅಲರ್ಜಿ. ಮತ್ತೆ ಮುಟ್ಟಬೇಡಿ, ಡಾಕ್ಟರಿಗೆ ತೋರಿಸಿ.

ಹೇಜಲ್‌ನಟ್ಟೇ ಆಗಬೇಕೆಂದೂ ಇಲ್ಲ. ನೆಲಗಡಲೆಯಲ್ಲೂ ಒಳ್ಳೆಯ ಕೊಬ್ಬಿದೆ, ಪ್ರೋಟೀನ್ 100 ಗ್ರಾಂಗೆ 25 ಗ್ರಾಂ, ಬೆಲೆ ಎಷ್ಟೋ ಕಡಿಮೆ. ಬೂಸ್ಟು ಹಿಡಿದದ್ದನ್ನು ಮಾತ್ರ ಆರಿಸಿ ಎಸೆಯಿರಿ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಯಕೃತ್ತಿನ ವಿಷ ಇರಬಹುದು.

ಗಿಡದ ಆಸೆ ಇದ್ದವರಿಗೂ ಇದೇ ಸುಲಭ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಅಗಲವಾದ ಗ್ರೋ ಬ್ಯಾಗ್, ಸಡಿಲ ಮಣ್ಣು, ಹುರಿಯದ ಬೀಜ, ನಾಲ್ಕು ತಿಂಗಳು. ಹೂವು ಬಾಡಿದ ಮೇಲೆ ಅದರ ಬುಡದಿಂದ ಮೊಳೆಯಂಥ ದಂಟು ಮಣ್ಣೊಳಗೆ ಇಳಿದು ಕಾಯಿ ಕಟ್ಟುವುದನ್ನು ಮಕ್ಕಳಿಗೆ ತೋರಿಸಿ. ಕಂಪೌಂಡ್‌ನಲ್ಲಿ ಜಾಗವಿದ್ದರೆ ಗೇರು ಹಾಕಬಹುದು, ವೆಂಗುರ್ಲಾದ ಕಸಿ ತಳಿಗಳು ಈ ಕೊಂಕಣದ ಮಣ್ಣಿಗೆಂದೇ ಬಂದವು. ಆದರೆ ಹಸಿ ಗೇರುಬೀಜವನ್ನು ಮನೆಯಲ್ಲಿ ಸುಡುವ ಸಾಹಸ ಬೇಡ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಊರಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ.

ನಮ್ಮ ಹಿರಿಯರು ಅಂದೇ ಮಾತ್ರೆ ಮತ್ತೆ ಶುರುಮಾಡಿದರು. ಆರು ವಾರದ ಮೇಲೆ ರಕ್ತ ಪರೀಕ್ಷೆಗೆ ಬರಲು ಹೇಳಿದ್ದೇನೆ. ಹೇಜಲ್ ಸಸಿ ಕೀಳಲು ಮನಸ್ಸಿಲ್ಲವಂತೆ, ಎರಡು ಹೊಸ ಎಲೆ ಬಂದಿದೆ ಎಂದು ಮೊನ್ನೆ ಫೋಟೋ ಕಳಿಸಿದ್ದರು.